ನನ್ನ ಅನುಭವ: ಅಪ್ಪನದು ಶಾಮಿಯಾನ ಅಂಗಡಿ, ನನ್ನದು ಆ್ಯಪ್

2009ರಲ್ಲಿ ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದಾಗ ಬಿಟಿಎಂ ಲೇಔಟಿನಲ್ಲಿ ಒಂದು ಸಣ್ಣ ಮನೆ ಸಿಕ್ಕಿತು. ಬಾಡಿಗೆ 6,500. ಅಡ್ವಾನ್ಸ್ ಹತ್ತು ತಿಂಗಳದ್ದು, ಅಂದರೆ 65,000. ಅರ್ಧ ಅಪ್ಪನಿಂದ, ಅರ್ಧ ಗೆಳೆಯರಿಂದ ತಂದು ಕೊಟ್ಟೆ. ಆಮೇಲೆ ಮಂಚ ಕೊಳ್ಳೋಕೆ ಕೈಯಲ್ಲಿ ಏನೂ ಇರಲಿಲ್ಲ. ಏಳು ತಿಂಗಳು ಚಾಪೆ ಮೇಲೆ ಮಲಗಿದೆ. ಫ್ರಿಜ್ ಇಲ್ಲ, ಹಾಲು ಕೆಡುತ್ತೆ ಅಂತ ಚಿಕ್ಕ ಪ್ಯಾಕೆಟ್ಟೇ ತರುತ್ತಿದ್ದೆ. ಎರಡು ವರ್ಷ ಬಿಟ್ಟು ಮಾರತ್ತಹಳ್ಳಿಗೆ ಮನೆ ಬದಲಿಸುವಾಗ, ಅಷ್ಟರಲ್ಲಿ ಕೊಂಡಿದ್ದ ಮಂಚ, ಬೀರುಗಳನ್ನು ಅರ್ಧಕ್ಕಿಂತ ಕಡಿಮೆಗೆ ಮಾರಿದೆ. ಸಾಗಿಸೋ ಖರ್ಚೇ ಜಾಸ್ತಿ ಆಗುತ್ತಿತ್ತು.

2015ರಲ್ಲಿ ಕೆಲಸ ಬಿಟ್ಟು ಫ್ರಿಜ್, ವಾಷಿಂಗ್ ಮಷೀನ್, ಮಂಚಗಳನ್ನು ಆನ್‌ಲೈನಿನಲ್ಲಿ ಬಾಡಿಗೆಗೆ ಕೊಡುವ ಕಂಪನಿ ಶುರು ಮಾಡಿದೆ. ಹೊಸ ಐಡಿಯಾ ಏನಲ್ಲ. ಫರ್ಲೆಂಕೊ, ರೆಂಟೊಮೊಜೊ ಆಗಲೇ ಬೆಂಗಳೂರಿನಲ್ಲಿದ್ದವು. ನನಗಂತೂ ಬಾಡಿಗೆ ವ್ಯಾಪಾರ ಹುಟ್ಟಿನಿಂದ ಗೊತ್ತು. ಅಪ್ಪನದು ಅರಸೀಕೆರೆ ಹತ್ತಿರ ಶಾಮಿಯಾನ, ಪಾತ್ರೆ ಬಾಡಿಗೆ ಅಂಗಡಿ. ಕೊಪ್ಪರಿಗೆ, ಸೌಟು, ಜಮಖಾನ, ಕುರ್ಚಿ, ಎಲ್ಲಕ್ಕೂ ಒಂದು ಉದ್ದನೆಯ ನೋಟ್‌ಬುಕ್ಕು. ಇನ್ವೆಸ್ಟರ್‌ಗಳು ‘ಶೇರಿಂಗ್ ಎಕಾನಮಿ’ (ಕೊಳ್ಳದೆ, ಒಂದೇ ಸಾಮಾನನ್ನು ಹಲವರು ಬಳಸೋದು) ಅಂತ ಮಾತಾಡುವಾಗ ನನಗೆ ಕಾಣುತ್ತಿದ್ದದ್ದು ಅಪ್ಪನ ಕೊಪ್ಪರಿಗೆ.

ಕೆಲಸ ಬಿಟ್ಟೆ ಅಂದಾಗ ಅಪ್ಪ ಬೈಯಲಿಲ್ಲ. ‘ಕೊಡೋದು ಯಾರ್ ಬೇಕಾದ್ರೂ ಕೊಡ್ತಾರೆ ಕಣೋ. ತಿರುಗಿ ತರೋದ್ರಲ್ಲಿದೆ ಕೆಲ್ಸ’ ಅಂದರು ಅಷ್ಟೆ. ನಾನು ಮತ್ತು ನನ್ನ ಪಾರ್ಟ್ನರ್ ಕೊಡೋದಕ್ಕೆ ಮಾತ್ರ ಪ್ಲಾನ್ ಮಾಡಿದ್ದೆವು. ವೆಬ್‌ಸೈಟಿನಲ್ಲಿ ‘ಬುಕ್ ಮಾಡಿ’ ಬಟನ್ ಇತ್ತು. ವಾಪಸ್ ಕೊಡುವವರು ನಮಗೆ ಫೋನೇ ಮಾಡಬೇಕಿತ್ತು!

ಬಂಡವಾಳ 14 ಲಕ್ಷ. ನನ್ನ ಪಿಎಫ್, ಹೆಂಡತಿಯ ಒಡವೆ ಮೇಲಿನ ಸಾಲ, ಉಳಿದದ್ದು ಪಾರ್ಟ್ನರ್ ಹಾಕಿದ್ದು. ಬೊಮ್ಮನಹಳ್ಳಿಯಲ್ಲಿ ಒಂದು ಗೋಡೌನ್ ಹಿಡಿದೆವು. ಮನೆ ಖರ್ಚು ಮೂರು ವರ್ಷ ಹೆಂಡತಿಯ ಸಂಬಳದಲ್ಲೇ ನಡೆಯಿತು. ಅವಳನ್ನು ‘ಮೊದಲ ಇನ್ವೆಸ್ಟರ್’ ಅಂತ ತಮಾಷೆ ಮಾಡುತ್ತಿದ್ದೆ. ಒಂದಿನ ಅವಳು ‘ಹಾಗಾದ್ರೆ ನನ್ನ ಪಾಲು ಎಷ್ಟು, ಬರೆದುಕೊಡಿ’ ಅಂದಳು. ಬರೆದುಕೊಟ್ಟೆ.

ಲೆಕ್ಕ ಹೇಳುತ್ತೇನೆ, ಯಾಕೆಂದರೆ ಈ ಧಂದೆಗೆ ಬರೋರು ತಪ್ಪೋದು ಇಲ್ಲೇ. 190 ಲೀಟರಿನ ಒಂದು ಫ್ರಿಜ್ ನಮಗೆ ಆಗ 10,800ಕ್ಕೆ ಸಿಕ್ಕಿತು. ತಿಂಗಳ ಬಾಡಿಗೆ 600. ಹದಿನೆಂಟು ತಿಂಗಳಿಗೆ ಅಸಲು ಬಂತು ಅಂತ ಎಕ್ಸೆಲ್ ಹೇಳಿತು. ಆದರೆ ಗ್ರಾಹಕರು ಸರಾಸರಿ ಒಂಬತ್ತು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಒಂದು ಮನೆಯಿಂದ 5,400. ಅದರಲ್ಲಿ ಕೊಂಡುಹೋಗಿ ತರೋ ಖರ್ಚು 1,400, ತೊಳೆದು ರಿಪೇರಿ ಮಾಡೋದಕ್ಕೆ 400. ಉಳಿಯೋದು 3,600. ಅಂದರೆ ಮೂರು ಮನೆ ಸುತ್ತಿದ ಮೇಲೆ ಅಸಲು. ಲಾಭ ನಾಲ್ಕನೇ ಮನೆಯದು. ಬಡ್ಡಿ, ಗೋಡೌನ್ ಬಾಡಿಗೆ ಇನ್ನೂ ಸೇರಿಸಿಲ್ಲ.

ಹಾಗಾಗಿ ಸಾಮಾನು ನಾಲ್ಕನೇ ಮನೆಗೆ ಹೋಗೋ ಸ್ಥಿತಿಯಲ್ಲಿರುತ್ತಾ ಅನ್ನೋದೊಂದೇ ಪ್ರಶ್ನೆ. ನಮ್ಮ ಮೊದಲ ಮಂಚಗಳು ಆ ಸ್ಥಿತಿಯಲ್ಲಿರಲಿಲ್ಲ. ನೋಡೋಕೆ ಚೆಂದ ಅಂತ ಪಾರ್ಟಿಕಲ್ ಬೋರ್ಡಿನವು, ಅಂದರೆ ಮರದ ಪುಡಿ ಅಂಟಿಸಿ ಒತ್ತಿದ ಹಲಗೆಯವು, ತಂದಿದ್ದೆವು. ಆ ಬೋರ್ಡಿನಲ್ಲಿ ಸ್ಕ್ರೂ ಮೊದಲ ಸಲ ಗಟ್ಟಿಯಾಗಿ ಕೂರುತ್ತದೆ. ಬಿಚ್ಚಿ ಮತ್ತೆ ಹಾಕಿದರೆ ತೂತು ಪುಡಿಪುಡಿ. ಎರಡನೇ ಮನೆಯಲ್ಲೇ ಮಂಚ ಕಿರುಗುಟ್ಟಿತು, ಮೂರನೇದರಲ್ಲಿ ಕುಸಿಯಿತು. ಆಮೇಲೆ ರಬ್ಬರ್ ಮರದ ಚೌಕಟ್ಟು, ಬೋಲ್ಟು ನಟ್ಟಿನ ಜೋಡಣೆಗೆ ಬಂದೆವು. ಮೂವತ್ತೂ ಚಿಲ್ಲರೆ ಹಳೇ ಮಂಚ ಗುಜರಿಗೆ ಹೋದವು.

ವಾಷಿಂಗ್ ಮಷೀನಿಗೆ ಶತ್ರು ಗ್ರಾಹಕರಲ್ಲ, ನೀರು. ವೈಟ್‌ಫೀಲ್ಡ್, ಬೆಳ್ಳಂದೂರು ಕಡೆ ಬೋರ್‌ವೆಲ್ ನೀರು, ಟ್ಯಾಂಕರ್ ನೀರು. ಒಳಗೆ ಬಿಳಿ ಪೊರೆ ಕಟ್ಟುತ್ತದೆ, ನೀರು ಬರೋ ಬಾಯಿಯ ಜಾಲರಿ ಕಟ್ಟಿಕೊಳ್ಳುತ್ತದೆ. ‘ಮಷೀನ್ ಕೆಟ್ಟಿದೆ’ ಅಂತ ಫೋನ್ ಬಂದರೆ ಅರ್ಧ ಸಲ ಜಾಲರಿ ತೊಳೆದರೆ ಸರಿ. ಗಡಸು ನೀರಿನ ಏರಿಯಾಗಳಿಗೆ ಸೆಮಿ ಆಟೊಮ್ಯಾಟಿಕ್ಕೇ ಕೊಡೋಕೆ ಶುರು ಮಾಡಿದೆವು. ಕೆಲವರು ಮುಖ ಸಿಂಡರಿಸಿದರು. ರಿಪೇರಿ ಖರ್ಚು ಮಾತ್ರ ಇಳಿಯಿತು.

ತಿಗಣೆ ಕಥೆ ಉದ್ದ ಮಾಡಲ್ಲ. ಒಂದು ಹಾಸಿಗೆ ವಾಪಸ್ ಬಂತು, ಒಂದು ವಾರಕ್ಕೆ ಗೋಡೌನಿನ ಸೋಫಾಗಳಿಗೆಲ್ಲ ಹತ್ತಿತು. ಅವತ್ತಿನಿಂದ ಹಾಸಿಗೆ ಬಾಡಿಗೆಗೆ ಕೊಡಲ್ಲ. ಬೇಕಾದರೆ ಹೊಸದು ಮಾರುತ್ತೇವೆ.

ಪ್ರತಿ ಸಾಮಾನಿಗೂ ಕ್ಯೂಆರ್ ಸ್ಟಿಕರ್ ಅಂಟಿಸಿದ್ದೆವು. ಸ್ಕ್ಯಾನ್ ಮಾಡಿದರೆ ಜಾತಕವೆಲ್ಲ ಬರಬೇಕು. ಮನೆಯ ಮಕ್ಕಳು ಅದನ್ನು ಕಿತ್ತು ಹಾಕಿದರು, ಇಲ್ಲವಾದರೆ ಸೋಪಿನ ನೀರಿಗೆ ಅಳಿಸಿಹೋಯಿತು. ಅಪ್ಪ ಕೇಳಿದರು: ‘ಪಾತ್ರೆ ಮೇಲೆ ನಾವು ಹೆಸರು ಕೊರೆಸಲ್ವಾ?’ ಸಣ್ಣದೊಂದು ಕೊರೆಯುವ ಮಷೀನ್ ತಂದು, ಫ್ರಿಜ್ಜಿನ ಹಿಂದೆ ಕಂಪ್ರೆಸರ್ ಕೂರುವ ತಗಡಿನ ಮೇಲೆ, ಮಂಚದ ಅಡಿಪಟ್ಟಿಯ ಮೇಲೆ ನಂಬರ್ ಕೊರೆದೆವು. ಒಂದೇ ವರ್ಷದಲ್ಲಿ ಉಪಯೋಗಕ್ಕೆ ಬಂತು. ಒಬ್ಬ ಗ್ರಾಹಕ ನಮ್ಮ ಫ್ರಿಜ್, ಟಿವಿ, ಮಷೀನ್ ಮೂರನ್ನೂ ಮಾರಿ ನಾಪತ್ತೆ. ಒಂದು ಪೊಲೀಸ್ ಸ್ಟೇಷನ್ನಿಗೆ ಹೋದೆವು. ‘ಬಾಡಿಗೆ ಕರಾರು ಇದೆಯಲ್ಲ, ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ’ ಅಂದರು. ನಂಬಿಕೆ ದ್ರೋಹಕ್ಕೆ ಆಗಿನ ಐಪಿಸಿಯಲ್ಲಿ 406ನೇ ಸೆಕ್ಷನ್ ಇದೆ ಅಂತ ವಕೀಲರು ಬರೆದುಕೊಟ್ಟ ಮೇಲೆ ದೂರು ತಗೊಂಡರು. ಎರಡು ತಿಂಗಳಿಗೆ ಒಂದು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಫ್ರಿಜ್ ಸಿಕ್ಕಿತು, ಹಿಂದೆ ನಮ್ಮ ನಂಬರ್ ಹಾಗೇ ಇತ್ತು. ಟಿವಿ ಇವತ್ತಿಗೂ ಸಿಕ್ಕಿಲ್ಲ.

ಬ್ಯಾಂಕುಗಳ ವಿಷಯಕ್ಕೆ ಬಂದರೆ, ಮಂಚ ಅಡ ಇಟ್ಟುಕೊಂಡು ಯಾರೂ ಸಾಲ ಕೊಡಲ್ಲ. ಹಾಗಾಗಿ ಖಾಸಗಿ ಸಾಲ, ಜಾಸ್ತಿ ಬಡ್ಡಿ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಫ್ರಿಜ್, ವಾಷಿಂಗ್ ಮಷೀನ್ 28 ಪರ್ಸೆಂಟಿನಲ್ಲಿ ಕೂತವು. ಒಂದು ವರ್ಷ ಹೊಸ ಸಾಮಾನು ಕೊಳ್ಳೋದನ್ನೇ ಮುಂದೂಡುತ್ತಾ ಬಂದೆವು. 2018ರ ಜುಲೈನಲ್ಲಿ ಅದು 18ಕ್ಕೆ ಇಳಿಯಿತು.

ಅಷ್ಟರಲ್ಲಿ ಇಬ್ಬರು ಇನ್ವೆಸ್ಟರ್‌ಗಳು ಐದು ಊರಿಗೆ ಹೋಗಿ ಅಂದರು. ಪಾರ್ಟ್ನರ್‌ಗೆ ಮನಸ್ಸಿತ್ತು, ನನಗಿರಲಿಲ್ಲ. ಬೊಮ್ಮನಹಳ್ಳಿ ಗೋಡೌನಿನಲ್ಲೇ ಯಾವ ಕುರ್ಚಿ ಎಲ್ಲಿದೆ ಅಂತ ಗೊತ್ತಾಗದ ನಾವು ಪುಣೆಯಲ್ಲಿ ಏನು ಮಾಡೋದು? ಜಗಳ ಆಡಲಿಲ್ಲ. 2019ರಲ್ಲಿ ಅವನು ತನ್ನ ಪಾಲು ತಗೊಂಡು ಹೊರಟ. ಆ ಹಣ ಹೊಂದಿಸೋಕೆ ಅರಸೀಕೆರೆಯ ಸೈಟು ಮಾರಿದೆ. ನಾನು ತಗೊಂಡ ತೀರ್ಮಾನ ಸರಿಯೋ, ಬರೀ ಪುಕ್ಕಲುತನವೋ ಅಂತ ಆಗಾಗ ಯೋಚಿಸುತ್ತೇನೆ.

ಆಮೇಲೆ 2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆ. ನಮ್ಮ ಗ್ರಾಹಕರಲ್ಲಿ ಎಷ್ಟೋ ಜನ ಆಗಲೇ ಬ್ಯಾಗು ಹಿಡಿದು ಊರು ಸೇರಿದ್ದರು. ಮನೆಗೆ ಬೀಗ, ಮೇನ್ ಸ್ವಿಚ್ ಆಫ್, ಒಳಗೆ ನಮ್ಮ ಫ್ರಿಜ್, ಅದರೊಳಗೆ ದೋಸೆ ಹಿಟ್ಟು. ಜೂನ್‌ನಲ್ಲಿ ಆ ಬಾಗಿಲು ತೆಗೆದ ನಮ್ಮ ಹುಡುಗರ ಮುಖ ನಾನು ಮರೆಯಲ್ಲ. ಇದ್ದಕ್ಕಿದ್ದಂತೆ ಎಲ್ಲರೂ ‘ವಾಪಸ್ ತಗೊಂಡು ಹೋಗಿ’ ಅಂದರು. ಎರಡು ತಿಂಗಳಲ್ಲಿ 400ಕ್ಕೂ ಜಾಸ್ತಿ ಸಾಮಾನು ಬಂತು. ಗೋಡೌನ್ ತುಂಬಿ ಬಾಗಿಲು ಹಾಕೋಕೂ ಆಗಲಿಲ್ಲ.

ಆಗ ಜಾಗ ಹುಡುಕಿಕೊಟ್ಟವರು ಅಪ್ಪ. ಮದುವೆಗೆ ಐವತ್ತೇ ಜನ ಅನ್ನೋ ನಿಯಮ ಬಂದು ಅವರ ಅಂಗಡಿಯೂ ಮುಚ್ಚಿತ್ತು, ಕಲ್ಯಾಣ ಮಂಟಪಗಳೂ ಖಾಲಿ. ಬೇಗೂರು ಕಡೆ ಅವರಿಗೆ ಗುರುತಿನವರೊಬ್ಬರ ಮಂಟಪವಿತ್ತು. ಅದರ ಊಟದ ಹಾಲ್ ಕಡಿಮೆ ಬಾಡಿಗೆಗೆ ಸಿಕ್ಕಿತು. ಪಂಕ್ತಿ ಕೂರೋ ಜಾಗದಲ್ಲಿ ಸಾಲಾಗಿ ಫ್ರಿಜ್ಜುಗಳು ನಿಂತವು.

ಕಂಪನಿಯನ್ನು ಉಳಿಸಿದ್ದು ಕುರ್ಚಿ. ಮನೆಯಿಂದ ಕೆಲಸ ಮಾಡೋರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಬೆನ್ನು ನೋವು. ಇತ್ತ ಆಫೀಸುಗಳು ಜಾಗ ಖಾಲಿ ಮಾಡಿ ಒಳ್ಳೊಳ್ಳೆ ಕುರ್ಚಿಗಳನ್ನು ಮಾರುತ್ತಿದ್ದವು. ಸಗಟಾಗಿ ಕೊಂಡು, ಚಕ್ರ, ಬಟ್ಟೆ ಬದಲಿಸಿ ಬಾಡಿಗೆಗೆ ಬಿಟ್ಟೆವು. ಹಾಸನ, ತುಮಕೂರಿನಿಂದಲೂ ಕೇಳಿದರು. ಸಾಗಣೆ ಗಿಟ್ಟುತ್ತಿರಲಿಲ್ಲ, ಆದರೂ ಆರು ತಿಂಗಳ ಬಾಡಿಗೆ ಮೊದಲೇ ಕೊಟ್ಟವರಿಗೆ ಕಳಿಸಿದೆವು.

ಉಸಿರಾಡೋ ಹೊತ್ತಿಗೆ 2021ರ ಅಕ್ಟೋಬರ್ 1. ಕಾರ್ಡಿನಿಂದ ತಿಂಗಳು ತಿಂಗಳು ತಾನಾಗೇ ಹಣ ಕಡಿತ ಆಗೋದಕ್ಕೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂತು. ಗ್ರಾಹಕರು ಹೊಸದಾಗಿ ಒಪ್ಪಿಗೆ ಕೊಡಬೇಕಿತ್ತು, ಆಗ 5,000 ದಾಟಿದರೆ ಪ್ರತಿ ಸಲ ಒಟಿಪಿ ಬೇಕಿತ್ತು. ಆ ತಿಂಗಳು ನಮ್ಮ ಅರ್ಧಕ್ಕರ್ಧ ಪೇಮೆಂಟ್ ಫೇಲ್. ನಾನೂ ಸೇರಿ ಆರು ಜನ ಕೂತು ಒಬ್ಬೊಬ್ಬರಿಗೂ ಫೋನ್ ಮಾಡಿ ಯುಪಿಐ ಆಟೊಪೇಗೆ ಬದಲಿಸಿದೆವು. ಬೇಸರದ ಕೆಲಸ. ಆದರೆ ಯಾವ ಫ್ರಿಜ್ ಸದ್ದು ಮಾಡುತ್ತಿದೆ, ಯಾರು ಮುಂದಿನ ತಿಂಗಳು ಮನೆ ಬಿಡುತ್ತಾರೆ ಅನ್ನೋದೆಲ್ಲ ಆ ಫೋನುಗಳಲ್ಲೇ ಗೊತ್ತಾಯಿತು. ಈಗಲೂ ಮೂರು ತಿಂಗಳಿಗೊಮ್ಮೆ ಸುಮ್ನೆ ಒಂದು ಫೋನ್ ಮಾಡಿಸುತ್ತೇನೆ.

ಹೋದ ವರ್ಷ ಅಪ್ಪ ಬಂದು ನಾಲ್ಕು ದಿನ ಇದ್ದರು. ಗೋಡೌನಿನಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತರು. ವಾಪಸ್ ಬಂದ ಮಂಚಗಳ ಬೋಲ್ಟಿನ ಚೀಲ ಎಣಿಸಿದರು. ಮಂಚಕ್ಕೆ ಹದಿನಾರು ಬೋಲ್ಟು. ಒಂದು ಚೀಲದಲ್ಲಿ ಹದಿನೈದೇ ಇತ್ತು. ‘ಬಿಡಿ ಸರ್, ಬೇರೆ ಹಾಕ್ತೀನಿ’ ಅಂದ ನಮ್ಮ ಹುಡುಗ. ಅಪ್ಪ ಅವನನ್ನು ಗಾಡಿ ಹತ್ತಿರ ಕರೆದುಕೊಂಡು ಹೋದರು. ಟಾಟಾ ಏಸಿನ ಹಿಂದುಗಡೆ ಹಾಸಿದ್ದ ಗೋಣಿಚೀಲ ಎತ್ತಿ ಕೊಡವಿದಾಗ ಟಣ್ ಅಂತ ಬಿತ್ತು. ಹೆಕ್ಕಿ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ‘ಬರ್ಕೋ’ ಅಂದರು.