ಹಂಗೇರಿಯ ಆಟಗಾರನೊಬ್ಬನ ಆರಂಭದ ವರ್ಷಗಳನ್ನು ಓದಿಕೊಂಡು, ಹಾಸನದ ಮಗುವಿಗೆ ಟೆನಿಸ್ ಹಾದಿ ಹಾಕಿಕೊಡುವ ಬಗೆ

ಟೆನಿಸ್ ಆಡುವ ಮಗುವಿನ ಹೆತ್ತವರು ರ‍್ಯಾಕೆಟ್ ಕೊಳ್ಳುವ ಮುನ್ನ ಕಲಿಯಬೇಕಾದ ಒಂದು ಕೆಲಸವಿದೆ. ಅದು ಒಬ್ಬ ಆಟಗಾರನ ಮೊದಲ ಹತ್ತು ವರ್ಷಗಳ ದಾಖಲೆಯನ್ನು ಸರಿಯಾಗಿ ಓದುವುದು. ನಮ್ಮಲ್ಲಿ ಬಹಳಷ್ಟು ಮಂದಿ ಗೆದ್ದ ಕಪ್‌ಗಳನ್ನಷ್ಟೇ ಎಣಿಸುತ್ತಾರೆ; ಎಣಿಸಬೇಕಾದದ್ದು ಒಂದು ಕಪ್‌ಗೂ ಇನ್ನೊಂದು ಕಪ್‌ಗೂ ನಡುವೆ ಕಳೆದುಹೋದ ವರ್ಷಗಳನ್ನು.

ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಮಾರ್ಟನ್ ಫುಚೊವಿಚ್. 1992ರ ಫೆಬ್ರುವರಿ 8ರಂದು ಹಂಗೇರಿಯ ಪೂರ್ವದ ನ್ಯೀರೆಗ್‌ಹಾಜಾ ಪಟ್ಟಣದಲ್ಲಿ ಹುಟ್ಟಿದ ಈತ ರಾಜಧಾನಿಯ ಹುಡುಗನಲ್ಲ. ಆ ಊರು ಬುಡಾಪೆಸ್ಟ್‌ನಿಂದ ಇರುವ ದೂರ, ಹಾಸನ ಬೆಂಗಳೂರಿನಿಂದ ಇರುವ ದೂರಕ್ಕಿಂತ ಕೊಂಚ ಹೆಚ್ಚೇ. 2010ರಲ್ಲಿ, 18ನೇ ವಯಸ್ಸಿನಲ್ಲಿ, ಆತ ಆಸ್ಟ್ರೇಲಿಯಾದ ಬೆಂಜಮಿನ್ ಮಿಚೆಲ್‌ರನ್ನು 6-4, 6-4ರಿಂದ ಸೋಲಿಸಿ ವಿಂಬಲ್ಡನ್ ಬಾಲಕರ ಸಿಂಗಲ್ಸ್ ಗೆದ್ದು, ಜೂನಿಯರ್ ರ‍್ಯಾಂಕಿಂಗ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೂ ಏರಿದ. ಇಷ್ಟನ್ನು ಓದಿ ನಿಲ್ಲಿಸಿದವರಿಗೆ ಹುಡುಗ ದಡ ಸೇರಿದನೆಂದೇ ಅನ್ನಿಸುತ್ತದೆ. ಆದರೆ ಆತನ ಮೊದಲ ಎಟಿಪಿ (ಪುರುಷರ ವೃತ್ತಿಪರ ಟೆನಿಸ್‌ನ ಮೇಲ್ಹಂತ) ಪ್ರಶಸ್ತಿ ಬಂದದ್ದು 2018ರ ಮೇ ತಿಂಗಳಲ್ಲಿ, ಜಿನೀವಾದ ಮಣ್ಣಿನ ಅಂಕಣದಲ್ಲಿ, 26ನೇ ವಯಸ್ಸಿನಲ್ಲಿ. 1982ರಲ್ಲಿ ಬಲಾಜ್ ತರೋತ್ಸಿ ಗೆದ್ದ ಮೇಲೆ ಹಂಗೇರಿಯ ಪುರುಷರೊಬ್ಬರಿಗೆ ಅಂಥ ಪ್ರಶಸ್ತಿ ದಕ್ಕಿದ್ದು ಅದೇ ಮೊದಲು. ನಡುವಿನ ಎಂಟು ವರ್ಷಗಳಲ್ಲಿ ಹೆಚ್ಚಿನ ಕಾಲ ಆತ ಫ್ಯೂಚರ್ಸ್ ಮತ್ತು ಚಾಲೆಂಜರ್ ಎಂಬ ಕೆಳಹಂತದ ಪಂದ್ಯಾವಳಿಗಳಲ್ಲಿ, ಹಣವೂ ಪ್ರೇಕ್ಷಕರೂ ಕಡಿಮೆಯಿರುವ ಕಡೆಗಳಲ್ಲಿ ಆಡುತ್ತಿದ್ದ. ನನಗೆ ವಿಂಬಲ್ಡನ್ ಕಪ್‌ಗಿಂತ ಆ ಎಂಟು ವರ್ಷಗಳೇ ದೊಡ್ಡವೆಂದು ತೋರುತ್ತದೆ.

ಆದ್ದರಿಂದ ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಂಡು, ಮಗುವಿನ ಪ್ರತಿ ಪಂದ್ಯಕ್ಕೂ ನಾಲ್ಕು ವಿಷಯಗಳನ್ನು ಬರೆದಿಡಿ: ದಿನಾಂಕ, ಪಂದ್ಯಾವಳಿಯ ಹಂತ, ಎದುರಾಳಿಯ ವಯಸ್ಸು, ಆ ವಾರ ಮಾಡಿದ ಸರ್ವ್‌ಗಳ (ಪ್ರತಿ ಅಂಕದ ಆಟ ಆರಂಭಿಸುವ ಹೊಡೆತ) ಲೆಕ್ಕ. ಸೋಲು ಗೆಲುವನ್ನು ಕೊನೆಯಲ್ಲಿ ಸಣ್ಣದಾಗಿ ಬರೆದರೆ ಸಾಕು. 12 ವರ್ಷದ ಹುಡುಗಿ 16ರ ವಿಭಾಗದಲ್ಲಿ ಮೊದಲ ಸುತ್ತಿಗೇ ಸೋತದ್ದೂ, ತನ್ನದೇ ವಿಭಾಗದಲ್ಲಿ ಸೋತದ್ದೂ ಒಂದೇ ಅಲ್ಲವೆಂಬುದು ಆರು ತಿಂಗಳ ಬರವಣಿಗೆಯಲ್ಲಿ ತಾನಾಗಿ ಕಾಣುತ್ತದೆ.

ಸರ್ವ್‌ಗಳನ್ನು ಏಕೆ ಬರೆಯಬೇಕೆಂಬುದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ಅಣ್ಣನ ಮಗಳಿಗೆ ಆಗ 13 ವರ್ಷ. ಪಂದ್ಯಾವಳಿಗೆ ಒಂದೇ ವಾರ ಉಳಿದಿದ್ದಾಗ ಸಂಜೆಗೆ ಎರಡು ಬುಟ್ಟಿ ಚೆಂಡು ಸರ್ವ್ ಮಾಡಿಸುವುದಾಗಿ ತರಬೇತುದಾರರು ಹೇಳಿದರು, ನಾನೂ ತಲೆಯಾಡಿಸಿದೆ. ಜುಲೈ ತಿಂಗಳ ಸೋನೆಯಲ್ಲಿ ನೆನೆದ ಚೆಂಡಿನ ನೂಲು ನೀರು ಹೀರಿ ಭಾರವಾಗಿತ್ತು, ಹಿಂಡಿದರೆ ಬೆರಳು ಒದ್ದೆಯಾಗುತ್ತಿತ್ತು. ಐದನೆಯ ದಿನ ಬೆಂಚಿನ ಮೇಲೆ ಕುಳಿತವಳು, "ಚಿಕ್ಕಪ್ಪ, ಬಗ್ಗಿ ಲೇಸ್ ಕಟ್ಟೋಕೆ ಆಗ್ತಿಲ್ಲ, ನೀವೇ ಕಟ್ಟಿ ಕೊಡಿ" ಎಂದಳು. ನಾನು ಮಂಡಿಯೂರಿ ಲೇಸ್ ಕಟ್ಟಿದೆ, ಆದರೂ ಅವಳನ್ನು ಆಡಲು ಬಿಟ್ಟೆ. ಆ ತಪ್ಪಿನಿಂದ ಅವಳು ಮೂರು ತಿಂಗಳು ಅಂಕಣದಿಂದ ದೂರ ಉಳಿಯಬೇಕಾಯಿತು. ಸರ್ವ್ ಮಾಡುವಾಗ ಬೆನ್ನು ಹಿಂದಕ್ಕೆ ಬಾಗುವುದೂ ತಿರುಚಿಕೊಳ್ಳುವುದೂ ಒಟ್ಟಿಗೇ ನಡೆಯುತ್ತದೆ. ಬೆಳೆಯುವ ವಯಸ್ಸಿನಲ್ಲಿ ಅದು ಅತಿಯಾದರೆ ಸೊಂಟದ ಭಾಗದ ಬೆನ್ನುಮೂಳೆಯಲ್ಲಿ ಸಣ್ಣ ಬಿರುಕು ಕಾಣಿಸಿಕೊಳ್ಳಬಹುದು. ಹಾಗಾಗಿ ಬಗ್ಗುವಾಗಲೋ ಹಿಂದಕ್ಕೆ ವಾಲುವಾಗಲೋ ನೋವೆಂದು ಮಗು ಹೇಳಿದ ದಿನವೇ ಸರ್ವ್ ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ಮಳೆಗಾಲದಲ್ಲಿ ಒದ್ದೆ ಚೆಂಡುಗಳನ್ನು ಬೇರೆ ಚೀಲಕ್ಕೆ ಹಾಕಿ, ಒಣ ಚೆಂಡು ಮುಗಿದರೆ ಅಭ್ಯಾಸವನ್ನೂ ಮುಗಿಸಿ.

ಬೆನ್ನಿನ ವಿಚಾರದಲ್ಲಿ ಹಂಗೇರಿಯ ಇನ್ನೊಬ್ಬ ಆಟಗಾರ್ತಿ ಆಗ್ನೆಶ್ ಸಾವೈಯವರನ್ನು ನೆನೆಯದೆ ಇರಲಾರೆ. 2005ರಲ್ಲಿ ಫ್ರೆಂಚ್ ಓಪನ್ ಬಾಲಕಿಯರ ಸಿಂಗಲ್ಸ್ ಮತ್ತು ಡಬಲ್ಸ್ ಎರಡನ್ನೂ ಗೆದ್ದ ಅವರು, 2007ರಲ್ಲಿ ಪಲೆರ್ಮೊ ಹಾಗೂ ಬೀಜಿಂಗ್ ಪ್ರಶಸ್ತಿಗಳನ್ನು ಗೆದ್ದು ಯುಎಸ್ ಓಪನ್ ಕ್ವಾರ್ಟರ್ ಫೈನಲ್ ತಲುಪಿ, 2008ರ ಏಪ್ರಿಲ್‌ನಲ್ಲಿ ವಿಶ್ವದ 13ನೇ ಸ್ಥಾನದಲ್ಲಿದ್ದರು. ಬೆನ್ನಿನ ಗಾಯದಿಂದಾಗಿ 2013ರಲ್ಲಿ, ಕೇವಲ 24ನೇ ವಯಸ್ಸಿನಲ್ಲಿ, ಆಟ ಬಿಡಬೇಕಾಯಿತು. ಅವರ ದಾಖಲೆ ಓದಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಚಿಕ್ಕ ಮಕ್ಕಳಿಗೆ ಹಳದಿ ಚೆಂಡು ಕೊಡಲು ಆತುರಪಡಬೇಡಿ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟವು 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಸಾಮಾನ್ಯ ಹಳದಿ ಚೆಂಡಿನ ಬಳಕೆಯನ್ನು ನಿಲ್ಲಿಸಿದೆ. ಅದರ ಬದಲು ಬಳಸುವ ಕೆಂಪು ಚೆಂಡು ಹಳದಿಗಿಂತ ಶೇ 75ರಷ್ಟು, ಕಿತ್ತಳೆ ಚೆಂಡು ಶೇ 50ರಷ್ಟು, ಹಸಿರು ಚುಕ್ಕೆಯದು ಶೇ 25ರಷ್ಟು ನಿಧಾನ. ಕೆಂಪಿಗೆ ಸುಮಾರು 11 ಮೀಟರ್, ಕಿತ್ತಳೆಗೆ ಸುಮಾರು 18 ಮೀಟರ್ ಉದ್ದದ ಅಂಕಣ ಸಾಕು. ಸುಣ್ಣದ ಪುಡಿಯಲ್ಲಿ ಗೆರೆ ಎಳೆದರೆ ಮನೆಯ ಮುಂದಿನ ಅಂಗಳವೇ ಕೆಂಪು ಅಂಕಣವಾಗುತ್ತದೆ. ಎತ್ತರದ ಪ್ರದೇಶಕ್ಕೆಂದೇ ಮಾಡಿದ ಚೆಂಡನ್ನು ಅಂಗಡಿಯವರು ತೋರಿಸಿದರೆ ಕೊಳ್ಳಬೇಡಿ, ಏಕೆಂದರೆ ಅದು 1219 ಮೀಟರಿಗಿಂತ ಎತ್ತರದ ಊರುಗಳಿಗೆ. ಹಾಸನ, ಚಿಕ್ಕಮಗಳೂರು ಪಟ್ಟಣಗಳೆರಡೂ ಅದಕ್ಕಿಂತ ಕೆಳಗಿವೆ.

ಸ್ಪರ್ಧೆಗಳ ಮೆಟ್ಟಿಲು ಹೀಗಿದೆ. ಅಖಿಲ ಭಾರತ ಟೆನಿಸ್ ಸಂಸ್ಥೆಯು 12, 14, 16 ಮತ್ತು 18ರೊಳಗಿನ ವಿಭಾಗಗಳಲ್ಲಿ ಪಂದ್ಯಾವಳಿ ನಡೆಸುತ್ತದೆ. ಟ್ಯಾಲೆಂಟ್ ಸೀರೀಸ್ ಎಂಬ ಕೆಳಹಂತದಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಅಂತರರಾಷ್ಟ್ರೀಯ ಜೂನಿಯರ್ ಪಂದ್ಯಗಳಿಗೆ 13 ತುಂಬಿರಬೇಕು, ಅಲ್ಲಿ ಅತಿ ಕೆಳಗಿನ ಹಂತ ಜೆ30, ಅಲ್ಲಿಂದ ಜೆ500ರವರೆಗೆ ಮೆಟ್ಟಿಲುಗಳಿವೆ. ಜೆ30 ಗೆದ್ದರೂ 30 ಅಂಕಗಳಷ್ಟೇ ಸಿಗುವುದರಿಂದ, ಅದಕ್ಕಾಗಿ ಸಾಲ ಮಾಡಿ ದೂರದೂರಿಗೆ ಹೋಗುವುದು ನನ್ನ ಮಟ್ಟಿಗೆ ಸರಿಯಲ್ಲ. ಬೆಂಗಳೂರಿನ ಪಂದ್ಯಗಳಿಗೆ ಹಿಂದಿನ ಸಂಜೆಯೇ ಹೊರಡಿ. ನಸುಕಿನಲ್ಲಿ ಎದ್ದು ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದ ಮಗು ಮೊದಲ ಸೆಟ್ ಪೂರ್ತಿ ಕಾಲೆಳೆಯುತ್ತದೆ.

ತಡವಾಗಿ ಮೇಲೆ ಬರುವವರಿಗೂ ದಾರಿ ಇದೆಯೆಂಬುದಕ್ಕೆ ಬುಡಾಪೆಸ್ಟ್‌ನ ಫಾಬಿಯಾನ್ ಮಾರೊಜಾನ್ ಸಾಕ್ಷಿ. 2023ರ ಮೇ ತಿಂಗಳಲ್ಲಿ ರೋಮ್‌ನ ಪಂದ್ಯಾವಳಿಗೆ ಬಂದಾಗ ಆತನಿಗೆ 23 ವರ್ಷ, ರ‍್ಯಾಂಕಿಂಗ್ 135. ಅರ್ಹತಾ ಸುತ್ತುಗಳನ್ನು ದಾಟಿ ಬಂದು ಆಗ ವಿಶ್ವದ ಎರಡನೇ ಸ್ಥಾನದಲ್ಲಿದ್ದ ಕಾರ್ಲೊಸ್ ಅಲ್ಕರಾಜ್‌ರನ್ನು 6-3, 7-6ರಿಂದ ಸೋಲಿಸಿದ. ಮಗುವಿಗೆ 15 ತುಂಬಿಯೂ ರ‍್ಯಾಂಕಿಂಗ್ ಬರಲಿಲ್ಲವೆಂದು ಆಟ ಬಿಡಿಸಲು ಹೊರಟವರಿಗೆ ನಾನು ಈ ಪಂದ್ಯವನ್ನು ತೋರಿಸುತ್ತೇನೆ.

ಇನ್ನು ಶಾಲೆಯ ವಿಷಯ. ವರ್ಷದ ಆರಂಭದಲ್ಲೇ ನೋಟ್‌ಬುಕ್‌ನಲ್ಲಿ ಪರೀಕ್ಷೆಯ ವಾರಗಳನ್ನು ಮೊದಲು ಗುರುತು ಮಾಡಿ, ಉಳಿದ ಜಾಗದಲ್ಲಿ ಪಂದ್ಯಾವಳಿಗಳನ್ನು ತುಂಬಬೇಕು. ಎಸ್‌ಎಸ್‌ಎಲ್‌ಸಿ ವರ್ಷದಲ್ಲಂತೂ ಇದು ತಪ್ಪಕೂಡದು. ನಮ್ಮ ಹುಡುಗಿ ಈಗ ಹತ್ತನೇ ತರಗತಿ. ಅವಳ ನೋಟ್‌ಬುಕ್‌ನಲ್ಲಿ ಮಾರ್ಚ್ ತಿಂಗಳ ಪುಟವನ್ನು ಖಾಲಿ ಬಿಟ್ಟು, ಏಪ್ರಿಲ್ ಪುಟದ ಮೇಲ್ಭಾಗದಲ್ಲಿ "ಮೊದಲ ವಾರ ದಿನಕ್ಕೆ 30 ಸರ್ವ್ ಮಾತ್ರ" ಎಂದು ಅವಳೇ ಬರೆದಿಟ್ಟಿದ್ದಾಳೆ.