ಸುವೊನ್‌ನಲ್ಲಿ ಬದುಕು: ಹೆಸರು, ಸಾಂಬಾರು, ಮರ್ಯಾದೆ

ನಾನಿರುವುದು ದಕ್ಷಿಣ ಕೊರಿಯಾದ ಸುವೊನ್ ನಗರದಲ್ಲಿ. ಕೊರಿಯಾಕ್ಕೆ ಹೊರಟ ನಮ್ಮವರು ಯಾರೇ ಫೋನ್ ಮಾಡಿದರೂ ನಾನು ಮೊದಲು ಹೇಳುವುದು ಒಂದೇ ಮಾತು. ಹೆಸರನ್ನು ಎಲ್ಲ ಕಡೆ ಒಂದೇ ತರಹ ಬರೆಸಿ. ಪಾಸ್‌ಪೋರ್ಟಿನಲ್ಲಿರುವ ಸ್ಪೆಲಿಂಗೇ ಇರಲಿ, ಹೆಸರುಗಳ ಕ್ರಮವೂ ನಡುವಿನ ಜಾಗವೂ ಹಾಗೇ ಇರಲಿ. ಇಲ್ಲಿಯವರ ಹೆಸರು ಸಾಮಾನ್ಯವಾಗಿ ಮೂರೇ ಅಕ್ಷರ. ನಮ್ಮಲ್ಲಿ ಸ್ವಂತ ಹೆಸರಿಗೆ ಅಪ್ಪನ ಹೆಸರು, ಕೆಲವರಿಗೆ ಊರಿನ ಹೆಸರೂ ಅಂಟಿಕೊಂಡಿರುತ್ತದೆ. ಎಷ್ಟೋ ಅರ್ಜಿಗಳಲ್ಲಿ ಅಷ್ಟಕ್ಕೆ ಜಾಗವೇ ಇರುವುದಿಲ್ಲ.

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕಾ? ಹೌದು, ಬೇಕು. ಬ್ಯಾಂಕ್ ಆ್ಯಪ್, ಆನ್‌ಲೈನ್ ಶಾಪಿಂಗ್, ಸರ್ಕಾರಿ ಸೇವೆ, ಹೀಗೆ ಬಹಳಷ್ಟು ಕಡೆ ನೀವು ನೀವೇ ಹೌದಾ ಎಂದು ಫೋನ್ ನಂಬರಿನ ಮೂಲಕ ಖಾತ್ರಿ ಮಾಡಿಕೊಳ್ಳುತ್ತಾರೆ. ಒಂದು ಅಕ್ಷರ ತಾಳೆಯಾಗದಿದ್ದರೂ ಬಾಗಿಲು ತೆರೆಯುವುದಿಲ್ಲ. ನಾನು ಬಂದ ಕೂಡಲೇ ಪಾಸ್‌ಪೋರ್ಟ್ ತೋರಿಸಿ ಪ್ರೀಪೇಯ್ಡ್ ಸಿಮ್ ತಗೊಂಡೆ. ವಿದೇಶಿಯರ ನೋಂದಣಿ ಕಾರ್ಡಿಗೆ 90 ದಿನದೊಳಗೆ ಅರ್ಜಿ ಹಾಕಬೇಕು. ವಲಸೆ ಕಚೇರಿಯಲ್ಲಿ ಬೇಗ ದಿನಾಂಕ ಸಿಗುವುದಿಲ್ಲ, ಹಾಗಾಗಿ ಹೈಕೊರಿಯಾ ವೆಬ್‌ಸೈಟಿನಲ್ಲಿ ಮೊದಲ ವಾರವೇ ಬುಕ್ ಮಾಡಿದೆ. ಕಾರ್ಡ್ ಕೈಗೆ ಬಂದ ಮೇಲೆ ಫೋನ್ ಅಂಗಡಿಗೆ ಹೋಗಿ ನಂಬರನ್ನು ಅದಕ್ಕೆ ಜೋಡಿಸಿದೆ. ಆಮೇಲೆ ಬ್ಯಾಂಕ್. ಅಲ್ಲಿ ನನ್ನ ಹೆಸರನ್ನು ಹಿಂದುಮುಂದು ಮಾಡಿದ್ದರು. ಅಲ್ಲೇ ಕೂತು ತಿದ್ದಿಸಿಕೊಂಡು ಎದ್ದೆ. ಹೊಸ ಖಾತೆಯಿಂದ ದಿನಕ್ಕೆ ಇಷ್ಟೇ ಹಣ ಕಳಿಸಬಹುದು ಎಂಬ ಮಿತಿ ಇರುತ್ತದೆ. ಕೆಲಸದ ಪ್ರಮಾಣಪತ್ರ ಜೊತೆಗಿದ್ದರೆ ಅದನ್ನು ತೆಗೆಸುವುದು ಸುಲಭ.

ಊಟದ ವಿಷಯಕ್ಕೆ ಬರೋಣ. ನಾನು ಸಸ್ಯಾಹಾರಿ. ಕಿಮ್ಚಿ ನೋಡಲು ಬರೀ ಎಲೆಕೋಸು, ಆದರೆ ಸಾಮಾನ್ಯವಾಗಿ ಅದರಲ್ಲಿ ಹುದುಗಿಸಿದ ಸಿಗಡಿಯೋ ಮೀನೋ ಇರುತ್ತದೆ. ಸೋಯಾ ಪೇಸ್ಟಿನ ಸಾರಿಗೆ ಒಣಮೀನು ಕುದಿಸಿದ ನೀರೇ ಬುಡ. ‘ಮಾಂಸ ಬೇಡ’ ಅಂದರೆ ಸಾಲದು, ಹ್ಯಾಮ್ ಬೇಡ, ಮೀನು ಬೇಡ, ಒಣಮೀನಿನ ನೀರೂ ಬೇಡ ಅಂತ ಒಂದೊಂದಾಗಿ ಹೇಳಬೇಕು. ಇಲ್ಲಿನ ಬೌದ್ಧ ದೇವಾಲಯಗಳ ಊಟ ಮಾತ್ರ ನಿಶ್ಚಿಂತೆ. ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಅಡುಗೆ ಉಂಡವರಿಗೆ ಅದು ಹೊಸದೆನಿಸುವುದಿಲ್ಲ.

ಮನೆಯಲ್ಲಿ ಅಡುಗೆ ಮಾಡುವುದಕ್ಕೆ ಕೊರಿಯಾ ನಿಜಕ್ಕೂ ಒಳ್ಳೆಯ ಜಾಗ. ಸುವೊನ್ ಸ್ಟೇಷನ್ ಸುತ್ತಲಿನ ಏಷ್ಯಾ ದಿನಸಿ ಅಂಗಡಿಗಳಲ್ಲಿ ತೊಗರಿಬೇಳೆ, ಉದ್ದಿನಬೇಳೆ, ಸಾಸಿವೆ ಎಲ್ಲ ಸಿಗುತ್ತದೆ. ಇಲ್ಲಿನ ದಪ್ಪ ಮೂಲಂಗಿ ಸಾಂಬಾರಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ಅಂದರೆ, ಊರಿಗೆ ಹೋದಾಗಲೂ ನನಗೆ ಅದೇ ಬೇಕೆನಿಸುತ್ತದೆ. ಕೆನ್ನಿಪ್ ಎಂಬ ಎಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಮಾಡಿ ನೋಡಿ. ಚಳಿಗಾಲದಲ್ಲಿ ಹೊರಗೆ ಮೈನಸ್ ಹತ್ತು ಇದ್ದರೂ ಇಡ್ಲಿ ಹಿಟ್ಟು ಉಬ್ಬುತ್ತದೆ. ಮನೆಯ ನೆಲದಡಿ ಬಿಸಿನೀರಿನ ಪೈಪ್ ಓಡುತ್ತದಲ್ಲ, ಪಾತ್ರೆಯನ್ನು ರಾತ್ರಿ ಆ ನೆಲದ ಮೇಲಿಟ್ಟು ಹೊದಿಕೆ ಮುಚ್ಚಿದರೆ ಸಾಕು.

ಅಡುಗೆ ಆದ ಮೇಲೆ ಕಸ. 1995ರಿಂದ ಇಲ್ಲಿ ಕಸ ಹಾಕಲು ಆಯಾ ನಗರದ ಚೀಲವನ್ನೇ ದುಡ್ಡು ಕೊಟ್ಟು ಕೊಳ್ಳಬೇಕು. ಪಕ್ಕದ ಯೊಂಗಿನ್‌ನಲ್ಲಿ ಕೊಂಡ ಚೀಲ ಸುವೊನ್‌ಗೆ ಆಗುವುದಿಲ್ಲ. ಊಟದ ಕಸ ಬೇರೆ. ಪ್ರಾಣಿಗೆ ತಿನ್ನಲು ಆಗುವುದಾದರೆ ಊಟದ ಕಸ, ಇಲ್ಲದಿದ್ದರೆ ಸಾಮಾನ್ಯ ಕಸ ಎಂದು ಮನೆ ಮಾಲೀಕರು ಹೇಳಿಕೊಟ್ಟರು. ಈರುಳ್ಳಿ ಸಿಪ್ಪೆ, ಮೊಟ್ಟೆ ಚಿಪ್ಪು ಸಾಮಾನ್ಯ ಚೀಲಕ್ಕೆ ಹೋಗುತ್ತವೆ.

ಇವೆಲ್ಲ ಕೆಲವು ತಿಂಗಳಲ್ಲಿ ಕೈಗೆ ಹತ್ತುತ್ತವೆ. ಜನ ನಮ್ಮನ್ನು ನೋಡುವ ರೀತಿಗೆ ಹೊಂದಿಕೊಳ್ಳಲು ಜಾಸ್ತಿ ಕಾಲ ಬೇಕು. ನನ್ನ ಜೊತೆ ಕೆಲಸ ಮಾಡುವ ಮಂಗೋಲಿಯಾದ ಗೆಳತಿಯನ್ನು ಎಲ್ಲರೂ ಕೊರಿಯಾದವಳೇ ಅಂದುಕೊಳ್ಳುತ್ತಾರೆ. ಅವಳು ಕೊರಿಯನ್‌ನಲ್ಲಿ ತಡವರಿಸಿದರೆ ಮುಖ ಗಂಟಿಕ್ಕುತ್ತಾರೆ. ನಾನು ‘ಆನ್ಯಂಗ್‌ಹಸೆಯೊ’ (ನಮಸ್ಕಾರ) ಅಂದರೆ ಸಾಕು, ಹೊಗಳಿಕೆ. ಇಬ್ಬರೂ ಏಷ್ಯಾದವರೇ, ಆದರೆ ಅವಳ ದಿನ ಬೇರೆ, ನನ್ನ ದಿನ ಬೇರೆ.

ಸುವೊನ್‌ಗೆ ಹತ್ತಿರದ ಹ್ವಾಸಂಗ್, ಆನ್ಸಾನ್‌ಗಳಲ್ಲಿ ಫ್ಯಾಕ್ಟರಿಗಳು ಬಹಳ. 2004ರಲ್ಲಿ ಶುರುವಾದ ಕೆಲಸದ ಪರವಾನಗಿ ವ್ಯವಸ್ಥೆಯಲ್ಲಿ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾ, ವಿಯೆಟ್ನಾಂನಿಂದೆಲ್ಲ ಕೆಲಸಗಾರರು ಬರುತ್ತಾರೆ. ಭಾರತ ಆ ಪಟ್ಟಿಯಲ್ಲಿಲ್ಲ. ನನ್ನ ಮುಖ ನೋಡಿದವರಿಗೆ ಅದೆಲ್ಲ ಗೊತ್ತಾಗುತ್ತದೆಯೇ? ಕೆಲವು ಹಿರಿಯರು ಮೊದಲ ಮಾತನ್ನೇ ಏಕವಚನದಲ್ಲಿ ಆಡುತ್ತಾರೆ. ನಾನು ಲ್ಯಾಬಿನಲ್ಲಿ ಕೆಲಸ ಮಾಡುವುದು ಅಂದ ತಕ್ಷಣ ಅದು ಬಹುವಚನಕ್ಕೆ ತಿರುಗುತ್ತದೆ. ‘ನೀನು’, ‘ನೀವು’ ಕೇಳಿ ಬೆಳೆದ ನಮಗೆ ಆ ತಿರುವು ಕೊರಿಯನ್ ಸರಿಯಾಗಿ ಬರದಿದ್ದರೂ ತಿಳಿಯುತ್ತದೆ.

ಹಾಗೆ ಸಿಗುವ ಮರ್ಯಾದೆ ನನಗೆ ಬೇಡ ಅನ್ನಿಸಿತು. ಫ್ಯಾಕ್ಟರಿಯವನಲ್ಲ ಎಂದು ಹೇಳಿ ಅದನ್ನು ಪಡೆದರೆ, ಫ್ಯಾಕ್ಟರಿಯವನಿಗೆ ಅದು ಸಲ್ಲದು ಎಂದು ನಾನೂ ಒಪ್ಪಿದಂತೆ ಅಲ್ವಾ? ಈಗ ಅಂಥ ಮಾತು ಕಿವಿಗೆ ಬಿದ್ದರೆ ಕೆಲಸದ ವಿಷಯ ಎತ್ತುವುದೇ ಇಲ್ಲ. ನನಗೆ ಬರುವ ಅತಿ ಗೌರವದ ಕೊರಿಯನ್‌ನಲ್ಲಿ, ನಿಧಾನವಾಗಿ ಉತ್ತರ ಕೊಡುತ್ತೇನೆ. ಹೆಚ್ಚಿನವರು ತಾವಾಗಿಯೇ ಬದಲಾಗುತ್ತಾರೆ. ಬದಲಾಗದವರ ಅಂಗಡಿಗೆ ಮತ್ತೆ ಹೋಗುವುದಿಲ್ಲ.

ಇದಕ್ಕೆ ಭಾಷೆ ಬೇಕು. ನ್ಯಾಯ ಸಚಿವಾಲಯ ವಿದೇಶಿಯರಿಗಾಗಿ ನಡೆಸುವ ಸಾಮಾಜಿಕ ಬೆರೆಯುವಿಕೆ ಕಾರ್ಯಕ್ರಮದಲ್ಲಿ ನಾನು ಕೊರಿಯನ್ ಕಲಿತೆ. ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ನಮ್ಮ ಭಾನುವಾರದ ತರಗತಿಯಲ್ಲಿ ಒಬ್ಬ ನೇಪಾಳಿ ಅಣ್ಣ ಇದ್ದರು. ನನಗಿಂತ ಎಷ್ಟೋ ಸರಾಗವಾಗಿ ಕೊರಿಯನ್ ಮಾತಾಡುತ್ತಿದ್ದರು, ಆದರೆ ಎಲ್ಲ ಏಕವಚನದಲ್ಲೇ. ಫ್ಯಾಕ್ಟರಿಯಲ್ಲಿ ಅವರ ಜೊತೆ ಯಾರೂ ಬಹುವಚನದಲ್ಲಿ ಮಾತಾಡಿರಲಿಲ್ಲ, ಅವರು ಅದನ್ನು ಎಲ್ಲಿಂದ ಕಲಿಯಬೇಕು? ಪಾಠ ಮುಗಿದ ಮೇಲೆ ನಾವಿಬ್ಬರೂ ಅಂಗಡಿಯವರು, ಗಿರಾಕಿ ಆಗಿ ಮಾತಾಡಿ ಅಭ್ಯಾಸ ಮಾಡುತ್ತಿದ್ದೆವು. ನನಗೆ ಅವರಿಂದ ಮಾತಿನ ಓಟ ಬಂತು, ಅವರಿಗೆ ನನ್ನಿಂದ ಗೌರವದ ರೂಪಗಳು ಬಂದವು.

ಆ ಕಾರ್ಯಕ್ರಮಕ್ಕೆ ಸೇರಬೇಕೆಂದರೆ ಸೊಸಿನೆಟ್ ಎಂಬ ಅದರದ್ದೇ ವೆಬ್‌ಸೈಟಿನಲ್ಲಿ ಹೆಸರು ಕೊಡಬೇಕು. ವಾರಾಂತ್ಯದ ಸೀಟುಗಳು ಬೇಗ ತುಂಬುತ್ತವೆ, ನೋಂದಣಿ ತೆರೆದ ಮೊದಲ ದಿನವೇ ಕೂತು ಮಾಡಿ.