ಸಿಕ್ಕಾಗದ ಇಯರ್‌ಫೋನ್ ತಂತಿ: ನಾನು ಕಂಡುಕೊಂಡ ಸುತ್ತು

ಸುಮಾರು ಮೂರು ವರ್ಷಗಳಿಂದ ನನ್ನ ಇಯರ್‌ಫೋನಿನ ತಂತಿಯಲ್ಲಿ ಕೂತು ಬಿಡಿಸಬೇಕಾದಂಥ ಗಂಟು ಬಿದ್ದದ್ದು, ನೆನಪಿರುವ ಮಟ್ಟಿಗೆ, 5 ಸಲವೂ ಇಲ್ಲ. ಈ ವಿಧಾನವನ್ನು ಮೊದಲು ತೋರಿಸಿದಾಗ ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರು, "ಗಂಟು ಬಿಡಿಸೋಕೆ ಎರಡು ನಿಮಿಷ ಸಾಕು, ನೀವು ಸುತ್ತೋಕೇ ಐದು ನಿಮಿಷ ತಗೋತೀರಲ್ಲ" ಎಂದು ನಕ್ಕಿದ್ದರು. ಈಗ ನನಗೆ ಬೇಕಾಗುವುದು ಹತ್ತು ಹನ್ನೆರಡು ಸೆಕೆಂಡು; ಅವರು ಮಾತ್ರ ಈಗಲೂ ಮೀಟಿಂಗ್ ಶುರುವಾದ ಮೇಲೆ ಉಗುರಿನಿಂದ ಗಂಟು ಕೆದಕುತ್ತಿರುತ್ತಾರೆ.

ಇಲ್ಲಿಗೆ ಬರುವ ಮೊದಲು ಕೈಬಿಟ್ಟ ಹಣ ಕಡಿಮೆಯದಲ್ಲ. ಎರಡು ವರ್ಷಗಳೊಳಗೆ 4 ಇಯರ್‌ಫೋನ್ ಹಾಳಾದವು. ಒಂದೂ ಗಂಟಿನಿಂದ ಹಾಳಾದದ್ದಲ್ಲ, ಗಂಟು ತಪ್ಪಿಸಲು ನಾನು ಹೂಡಿದ ಉಪಾಯಗಳಿಂದಲೇ ಹಾಳಾದವು. ಮೊದಲನೆಯದನ್ನು ಜಾಕ್ ಕೀಳದೆ ಫೋನಿನ ಸುತ್ತಲೇ ಬಿಗಿಯಾಗಿ ಸುತ್ತಿಡುತ್ತಿದ್ದೆ. ಜಾಕಿನ ಕುತ್ತಿಗೆಯಲ್ಲಿ ತಂತಿ ದಿನವೂ ಬಾಗಿ, ನಾಲ್ಕು ತಿಂಗಳಲ್ಲಿ ಎಡಗಿವಿ ಮೌನವಾಯಿತು. ಎರಡನೆಯದಕ್ಕೆ, ತಂತಿಯನ್ನು ಸರ್ರನೆ ಒಳಗೆಳೆದುಕೊಳ್ಳುವ ಸ್ಪ್ರಿಂಗಿನ ಡಬ್ಬಿಯೊಂದನ್ನು ತಂದೆ. ಅದರ ಬೆಲೆ ಇಯರ್‌ಫೋನಿನ ಬೆಲೆಯ ಅರ್ಧದಷ್ಟಿತ್ತು, ಮತ್ತು ಅದು ಇಯರ್‌ಫೋನನ್ನೇ ನುಂಗಿತು: ಆ ಪುಟ್ಟ ಗಾಲಿಯ ಮೇಲೆ ಬಾಗಿ ಬಾಗಿ, ಒಳಗಿನ ಕೂದಲೆಳೆಯಂಥ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗಿದ್ದವು. ಮೂರನೆಯದು ಚಪ್ಪಟೆ ತಂತಿಯದು, ಮೊದಲೆರಡರ ಒಟ್ಟು ಬೆಲೆಯಷ್ಟು ದುಬಾರಿ. ಗಂಟು ನಿಜಕ್ಕೂ ಕಡಿಮೆಯಾಯಿತು, ಆದರೆ ನಾನು ಮಡಚಿ ರಬ್ಬರ್ ಬ್ಯಾಂಡ್ ಹಾಕುತ್ತಿದ್ದುದರಿಂದ ಮಡಿಕೆಯ ಜಾಗದಲ್ಲೇ ಸೀಳು ಬಿಟ್ಟಿತು. ನಾಲ್ಕನೆಯದರ ಕಥೆ ಹೇಳಲು ನಾಚಿಕೆಯಾಗುತ್ತದೆ. ತಂತಿ ತಂತಿಗೆ ಅಂಟದಿದ್ದರೆ ಸಿಕ್ಕಾಗದು ಎಂದುಕೊಂಡು ಅದಕ್ಕೆ ಟಾಲ್ಕಂ ಪೌಡರ್ ಸವರಿದೆ; ಸಿಕ್ಕಂತೂ ಆಯಿತು, ಪೌಡರ್ ಬಡ್‌ನ ಜಾಲರಿಗೆ ಹೊಕ್ಕು ದನಿ ಕಂಬಳಿಯೊಳಗಿಂದ ಬಂದಂತೆ ಕೇಳತೊಡಗಿತು.

ತಪ್ಪು ಎಲ್ಲಿದೆಯೆಂದು ತಿಳಿದದ್ದು ಬಹಳ ತಡವಾಗಿ. ನಾಲ್ಕು ಬೆರಳಿಗೆ ಬಳೆಯಂತೆ ಸುತ್ತಿದ ತಂತಿಯನ್ನು ಒಂದು ತುದಿ ಹಿಡಿದು ಎಳೆದಾಗ, ಪ್ರತಿಯೊಂದು ಸುತ್ತಿಗೂ ಒಂದೊಂದು ತಿರುಚು ತಂತಿಯಲ್ಲೇ ಉಳಿದುಬಿಡುತ್ತದೆ. ಆ ತಿರುಚುಗಳು ಕೂಡಿ ತಂತಿ ಹುರಿಗಟ್ಟುತ್ತದೆ, ಸಡಿಲ ಬಿಟ್ಟ ಕೂಡಲೇ ತಾನಾಗಿ ಕುಣಿಕೆ ಹಾಕಿಕೊಳ್ಳುತ್ತದೆ. ಜೇಬಿನೊಳಗೆ ಆಗುವುದು ಉಳಿದರ್ಧ ಕೆಲಸವಷ್ಟೇ.

ಆದ್ದರಿಂದ ಈಗ ತೋರುಬೆರಳು ಮತ್ತು ಕಿರುಬೆರಳನ್ನು ಮಾತ್ರ ಎತ್ತಿ ಹಿಡಿದು, ಅವುಗಳ ನಡುವೆ 8ರ ಆಕಾರದಲ್ಲಿ ಸುತ್ತುತ್ತೇನೆ (ಕನ್ನಡದ ೮ ಅಲ್ಲ; ಹಾಗೆ ಸುತ್ತಹೋದವರೂ ಇದ್ದಾರೆ). ಒಂದು ಬೆರಳಿನ ಮೇಲೆ ಬಿದ್ದ ತಿರುಚನ್ನು ಇನ್ನೊಂದು ಬೆರಳಿನ ಸುತ್ತು ಕಳೆಯುತ್ತದೆ. ಸುತ್ತುವ ಮೊದಲು ಕವಲಿನ ಬಳಿಯಿರುವ ಪುಟ್ಟ ಜಾರುಮಣಿಯನ್ನು ಬಡ್‌ಗಳ ಬುಡದವರೆಗೆ ತಳ್ಳಲೇಬೇಕು. ಬಹುತೇಕರು ಅದನ್ನು ಅಲಂಕಾರವೆಂದೇ ಭಾವಿಸಿರುತ್ತಾರೆ. ಎರಡು ಕವಲುಗಳು ಬಿಡಿಯಾಗಿದ್ದರೆ ಮೂರು ತುದಿಗಳಾಗುತ್ತವೆ, ತಳ್ಳಿದರೆ ಎರಡೇ. ಈ ಒಂದೇ ಬದಲಾವಣೆಯಿಂದ ನನ್ನ ಗಂಟುಗಳು ಅರ್ಧಕ್ಕಿಳಿದವು. ಬಡ್‌ಗಳನ್ನು ಅಂಗೈಯಲ್ಲಿ ಒತ್ತಿ ಹಿಡಿದು ಶುರುಮಾಡಿ, ಕೊನೆಯ ಒಂದು ಗೇಣು ಉಳಿದಾಗ ಅದನ್ನು 8ರ ನಡುವಿಗೆ ಎರಡು ಮೂರು ಸುತ್ತು ಸಡಿಲವಾಗಿ ಹಾಕಿ, ಜಾಕನ್ನು ಒಂದು ಕುಣಿಕೆಯೊಳಗೆ ತೂರಿಸುತ್ತೇನೆ. ಯಾವ ಕುಣಿಕೆ, ಯಾವ ಕಡೆಯಿಂದ ಎಂಬುದನ್ನು ನಾನು ಬರೆಯುವುದಿಲ್ಲ. ಜಾಕ್ ಎಳೆದರೆ ಇಡೀ ಕಟ್ಟು ಒಂದೇ ಸಲಕ್ಕೆ ಬಿಚ್ಚಿಕೊಳ್ಳುವ ಆ ತಿರುವನ್ನು ಹಿಡಿಯಲು ನನಗೆ ಆರು ತಿಂಗಳು ಹಿಡಿಯಿತು. ಕೈ ಪಳಗಿದವರಿಗೆ ಅದು ತಾನಾಗಿ ಸಿಗುತ್ತದೆ.

ಎಲ್ಲಿ ಇಡುತ್ತೇವೆಂಬುದೂ ಮುಖ್ಯ. 2007ರಲ್ಲಿ ಡೋರಿಯನ್ ರೇಮರ್ ಮತ್ತು ಡಗ್ಲಸ್ ಸ್ಮಿತ್ ಎಂಬ ಅಮೆರಿಕದ ಸಂಶೋಧಕರು ದಾರವನ್ನು ಪೆಟ್ಟಿಗೆಯಲ್ಲಿ ಹಾಕಿ 3,415 ಸಲ ಉರುಳಿಸಿ, ಕೆಲವೇ ಸೆಕೆಂಡುಗಳಲ್ಲಿ ಗಂಟು ಬೀಳುವುದನ್ನು ತೋರಿಸಿದರು. 46 ಸೆಂಟಿಮೀಟರಿಗಿಂತ ಚಿಕ್ಕ ದಾರದಲ್ಲಿ ಗಂಟು ಬಿದ್ದದ್ದು ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ತಂತಿ 120 ಸೆಂಟಿಮೀಟರ್ ಇರುವುದರಿಂದ ಆ ಭಾಗ್ಯ ನಮಗಿಲ್ಲ, ಆದರೆ ಪೆಟ್ಟಿಗೆ ಇಕ್ಕಟ್ಟಾದಷ್ಟೂ ಗಂಟು ಕಡಿಮೆಯೆಂಬ ಅವರ ಇನ್ನೊಂದು ಮಾತು ನನಗೆ ಉಪಯೋಗಕ್ಕೆ ಬಂತು. ಹರವಾದ ಚೀಲವನ್ನು ಬಿಟ್ಟು, ಕಟ್ಟು ಅಲುಗಾಡದಷ್ಟು ಚಿಕ್ಕ ಜಿಪ್ ಪರ್ಸಿಗೆ ಬಂದೆ. ಪರೀಕ್ಷೆಗೆಂದು ಹಳೆಯ ಇಯರ್‌ಫೋನೊಂದನ್ನು ಸುತ್ತದೆಯೇ ಎರಡರಲ್ಲೂ ಇಪ್ಪತ್ತಿಪ್ಪತ್ತು ದಿನ ಹೊತ್ತು ತಿರುಗಿದೆ: ಚೀಲದಲ್ಲಿ 13 ಅಥವಾ 14 ದಿನ ಗಂಟು, ಪರ್ಸಿನಲ್ಲಿ 5 ದಿನ. ಒಂದೇ ಪರ್ಸಿನಲ್ಲಿ ಎರಡು ಇಯರ್‌ಫೋನ್ ಇಡುವ ಪ್ರಯೋಗವನ್ನೂ ಮಾಡಿದೆ. ಮೂರನೆಯ ದಿನವೇ ಕೈಬಿಟ್ಟೆ.

ದೊಡ್ಡ ಹೆಡ್‌ಫೋನಿನ 3 ಮೀಟರ್ ತಂತಿಗೆ ಈ ಬೆರಳಾಟ ಸಾಲದು. ಅದಕ್ಕೆ ಧ್ವನಿವರ್ಧಕದವರು ಮೈಕ್ ಕೇಬಲ್ ಸುತ್ತುವಂತೆ, ಒಂದು ಸುತ್ತು ನೇರ, ಮುಂದಿನದು ಮಣಿಕಟ್ಟು ಒಳಕ್ಕೆ ತಿರುಗಿಸಿ ತಲೆಕೆಳಗಾಗಿ ಹಾಕಿ, ವೆಲ್ಕ್ರೋ ಪಟ್ಟಿ ಬಿಗಿಯುತ್ತೇನೆ. ಬಿಚ್ಚುವಾಗ ತುದಿಯನ್ನು ಸುರುಳಿಯ ನಡುವಿನಿಂದ ತೂರಿಸಿ ಎಳೆಯಬಾರದು. ಒಮ್ಮೆ ಹಾಗೆ ಎಳೆದು, ಸಾಲಾಗಿ ಬಿದ್ದ 6 ಗಂಟುಗಳನ್ನು ಬಿಡಿಸುತ್ತ ಅರ್ಧ ಗಂಟೆ ನೆಲದ ಮೇಲೆ ಕೂತಿದ್ದೆ.